ಮೊದಲು ಯಾವ ಸೀಸೆ ತರಬೇಕು? ದಿನದ ಊಟಕ್ಕೆ ಏಷ್ಯಾದ ಆರು ಮನೆಯಡುಗೆಗಳ ಹೋಲಿಕೆ

ವಾರಕ್ಕೆ ಒಂದೆರಡು ದಿನವಾದರೂ ಸಾರು-ಪಲ್ಯ ಬಿಟ್ಟು ಬೇರೆ ರುಚಿ ಮಾಡೋಣ ಎಂದುಕೊಂಡು ಚೀನೀ, ಜಪಾನೀ, ಕೊರಿಯನ್ ಅಡುಗೆ ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಹೋಟೆಲಿನ ತಿನಿಸುಗಳು. ಕರಿದು, ಮೇಲೆ ನಾಲ್ಕಾರು ಸಾಸ್ ಸುರಿದು, ದೊಡ್ಡ ಉರಿಯಲ್ಲಿ ಎಗರಿಸಿ ಮಾಡುವಂಥವು. ಸಂಜೆ ಕೆಲಸ ಮುಗಿಸಿ ಬಂದ ಬೀಜಿಂಗಿನ ಅಥವಾ ಜಕಾರ್ತದ ಗೃಹಸ್ಥರು ಮನೆಯಲ್ಲಿ ಅದನ್ನು ಮಾಡುವುದಿಲ್ಲ. ಅವರ ರಾತ್ರಿ ಊಟದಲ್ಲಿ ಅನ್ನ ಇರುತ್ತದೆ, ಒಂದು ಸೊಪ್ಪು ಇರುತ್ತದೆ, ಮೊಟ್ಟೆಯದೋ ತೋಫುವಿನದೋ (ಸೋಯಾ ಹಾಲಿನಿಂದ ಮಾಡಿದ ಪನೀರಿನಂಥದ್ದು) ಒಂದು ಪದಾರ್ಥ ಇರುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ.

ಹಾಗಾದರೆ ಯಾವ ದೇಶದ ಅಡುಗೆಯಿಂದ ಶುರು ಮಾಡುವುದು? ಇದನ್ನು ತೀರ್ಮಾನಿಸಲು ನಾನು ನೋಡುವುದು ಮುಖ್ಯವಾಗಿ ಒಂದು ವಿಷಯವನ್ನು: ಆ ಅಡುಗೆ ಯಾವ ಸೀಸೆಯ ಮೇಲೆ ನಿಂತಿದೆ, ಮತ್ತು ನಿಮ್ಮ ಮನೆಯಲ್ಲಿ ಆ ಸೀಸೆ ಖಾಲಿಯಾಗುತ್ತದೆಯೇ. ಪೂರ್ವ ಏಷ್ಯಾದ, ಆಗ್ನೇಯ ಏಷ್ಯಾದ ಮನೆಯಡುಗೆಗಳು ಹುದುಗಿಸಿದ ಒಂದೆರಡು ಪದಾರ್ಥಗಳನ್ನು ನಂಬಿಕೊಂಡಿವೆ. ಚೀನಾದಲ್ಲಿ ಸೋಯಾ ಸಾಸ್, ಜಪಾನಿನಲ್ಲಿ ಅದರ ಜೊತೆಗೆ ಮಿಸೊ ಎಂಬ ಹುದುಗಿಸಿದ ಸೋಯಾಬೀನ್ ಪೇಸ್ಟ್, ಕೊರಿಯಾದಲ್ಲಿ ಗೊಚುಜಾಂಗ್ ಎಂಬ ಮೆಣಸಿನ ಪೇಸ್ಟ್ ಮತ್ತು ದ್ವೆನ್‌ಜಾಂಗ್ ಎಂಬ ಸೋಯಾಬೀನ್ ಪೇಸ್ಟ್, ಥಾಯ್ಲೆಂಡಿನಲ್ಲಿ ಮೀನಿನ ಸಾಸ್, ಇಂಡೊನೇಷ್ಯಾದಲ್ಲಿ ಕೆಚಪ್ ಮಾನಿಸ್ ಎಂಬ ಸಿಹಿ ಸೋಯಾ ಸಾಸ್. ಟಿಬೆಟನ್ ಮನೆಯಡುಗೆಗೆ ಬೇರೆ ಸೀಸೆಯೇ ಬೇಡ ಎನ್ನಬಹುದು. ಎಲ್ಲವನ್ನೂ ಒಟ್ಟಿಗೆ ತಂದಿಟ್ಟರೆ ಯಾವುದೂ ಮುಗಿಯುವುದಿಲ್ಲ. ಒಂದನ್ನು ತಂದು, ಅದರಿಂದ ಮೂರು ಅಡುಗೆ ಕೈಗೆ ಹತ್ತಿದ ಮೇಲೆ ಎರಡನೆಯದನ್ನು ತರುವುದು ಸರಿಯಾದ ದಾರಿ.

ಅವಸರದಲ್ಲಿರುವವರಿಗೆ ನನ್ನ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಮೊಟ್ಟೆ ತಿನ್ನುವ ಮನೆಯಾದರೆ ಚೀನಾದಿಂದ ಶುರು ಮಾಡಿ. ಮೊಟ್ಟೆಯೂ ಬೇಡ ಎನ್ನುವ ಸಸ್ಯಾಹಾರಿ ಮನೆಯಾದರೆ ಇಂಡೊನೇಷ್ಯಾದಿಂದ. ರಾತ್ರಿ ಹಗುರವಾಗಿ ಉಣ್ಣುವವರಿಗೆ ಜಪಾನ್. ಭಾನುವಾರ ಕೂತು ವಾರದ ತರಕಾರಿ ಹೆಚ್ಚಿಡುವ ಅಭ್ಯಾಸ ಇರುವವರಿಗೆ ಕೊರಿಯಾ. ಮೀನಿನ ವಾಸನೆಗೆ ಹೆದರದವರಿಗೆ ಥಾಯ್. ಅನ್ನ ಬೇಡ, ಬಿಸಿಬಿಸಿ ಸೂಪ್‌ನಂಥದ್ದು ಬೇಕು ಎನಿಸುವ ಮಳೆಗಾಲದ ಸಂಜೆಗೆ ಟಿಬೆಟ್. ಏಕೆ ಎಂಬುದನ್ನು ಇನ್ನು ಬಿಡಿಸಿ ನೋಡೋಣ.

ಚೀನಾ: ಸೀಸೆ ಕೊಳ್ಳುವ ಮೊದಲೇ ಶುರು ಮಾಡಬಹುದು

ಚೀನಾದ ಮನೆಗಳಲ್ಲಿ ಮಕ್ಕಳು ಬಹಳ ಬೇಗ ಕಲಿಯುವ ಅಡುಗೆಗಳಲ್ಲಿ ಒಂದು ಟೊಮೆಟೊ-ಮೊಟ್ಟೆ. ಊರು ಬಿಟ್ಟು ಓದಲು ಹೋದ ವಿದ್ಯಾರ್ಥಿಗಳ ಕೋಣೆಯಲ್ಲೂ ಇದೇ ಬೇಯುತ್ತಿರುತ್ತದೆ. ಇದಕ್ಕೆ ಬೇಕಾದದ್ದೆಲ್ಲ ನಮ್ಮ ಮನೆಯಲ್ಲಿ ಆಗಲೇ ಇದೆ. ಇಬ್ಬರಿಗೆ ನಾಲ್ಕು ಮೊಟ್ಟೆ, ಮೂರು ಹಣ್ಣಾದ ಟೊಮೆಟೊ, ಉಪ್ಪು, ಸಕ್ಕರೆ, ಸ್ವಲ್ಪ ಈರುಳ್ಳಿ ಸೊಪ್ಪು. ಮೊಟ್ಟೆಗೆ ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕದಡಿ. ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾದ ಮೇಲೆ ಸುರಿದು, ದೊಡ್ಡ ದೊಡ್ಡ ಮುದ್ದೆಗಳಾಗಿ ಮಗುಚಿ, ಇನ್ನೂ ಮೆತ್ತಗಿರುವಾಗಲೇ ತೆಗೆದಿಡಿ. ಅದೇ ಬಾಣಲೆಗೆ ಇನ್ನೊಂದು ಚಮಚ ಎಣ್ಣೆ, ಹೋಳು ಮಾಡಿದ ಟೊಮೆಟೊ, ಉಪ್ಪು, ಒಂದು ಟೀಚಮಚ ಸಕ್ಕರೆ. ಟೊಮೆಟೊ ಅರ್ಧ ಕರಗಿ ರಸ ಬಿಟ್ಟಾಗ ಮೊಟ್ಟೆ ವಾಪಸ್ ಹಾಕಿ, ಒಮ್ಮೆ ಮಗುಚಿ, ಈರುಳ್ಳಿ ಸೊಪ್ಪು ಉದುರಿಸಿ ಇಳಿಸಿ. ಅರಿಶಿನ, ಖಾರದ ಪುಡಿ, ಒಗ್ಗರಣೆ ಯಾವುದನ್ನೂ ಸೇರಿಸಬೇಡಿ. ಸೇರಿಸಿದರೆ ಅದು ನಮ್ಮ ಎಗ್ ಬುರ್ಜಿಯೇ ಆಗುತ್ತದೆ, ಹೊಸ ರುಚಿಯ ಮಾತು ಅಲ್ಲಿಗೆ ಮುಗಿಯಿತು. ಟೊಮೆಟೊದ ರಸ ಅನ್ನಕ್ಕೆ ಇಳಿಯಬೇಕು, ಮೊಟ್ಟೆ ಮೆತ್ತಗಿರಬೇಕು, ಇವೆರಡೇ ಇದರ ಗುಣ.

ಟೊಮೆಟೊ ಆರಿಸುವುದರಲ್ಲಿ ಸ್ವಲ್ಪ ಗಮನ ಬೇಕು. ನಾಟಿ ಟೊಮೆಟೊ ಬಳಸಿದರೆ ಹುಳಿ ಹೆಚ್ಚು, ರಸವೂ ಹೆಚ್ಚು. ಸಕ್ಕರೆಯನ್ನು ಒಂದೂವರೆ ಟೀಚಮಚಕ್ಕೆ ಏರಿಸಿ. ದಪ್ಪ ಸಿಪ್ಪೆಯ ಫಾರಂ ಟೊಮೆಟೊ ಬೇಗ ಕರಗುವುದಿಲ್ಲ, ಎರಡು ಚಮಚ ನೀರು ಹಾಕಿ ಮುಚ್ಚಿಟ್ಟು ಬೇಯಿಸಿ. ನನ್ನ ಮತ ನಾಟಿಗೆ.

ಇದರ ಪಕ್ಕಕ್ಕೆ ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು ಇದ್ದರೆ ಊಟ ಪೂರ್ತಿ. ನಮ್ಮ ಕೆಂಪು ಹರಿವೆಯನ್ನು ಚೀನಾದವರೂ ಬೆಳ್ಳುಳ್ಳಿ ಹಾಕಿಯೇ ಮಾಡುತ್ತಾರೆ, ಅನ್ನಕ್ಕೆ ಬಣ್ಣ ಹತ್ತುವುದನ್ನು ಮಕ್ಕಳು ಇಷ್ಟಪಡುತ್ತಾರೆ. ಬಸಳೆಯೂ ಅಲ್ಲಿ ಮನೆಬಳಕೆಯ ಸೊಪ್ಪು. ಎಣ್ಣೆ ಕಾಯಿಸಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಹತ್ತು ಸೆಕೆಂಡು ಬಿಟ್ಟು ಸೊಪ್ಪು, ಉಪ್ಪು, ದೊಡ್ಡ ಉರಿಯಲ್ಲಿ ಎರಡು ನಿಮಿಷ. ಸೊಪ್ಪು ಒದ್ದೆ ಇದ್ದರೆ ಹುರಿಯುವುದಿಲ್ಲ, ನೀರಿನಲ್ಲಿ ಬೇಯುತ್ತದೆ. ತೊಳೆದ ಮೇಲೆ ಜಾಲರಿಯಲ್ಲಿ ಚೆನ್ನಾಗಿ ಸೋರಲು ಬಿಡಿ.

ಇನ್ನು ಸೀಸೆಯ ವಿಷಯ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಡಾರ್ಕ್ ಸೋಯಾ ಸಾಸ್. ಗೋಬಿ ಮಂಚೂರಿಗೂ ರಸ್ತೆಬದಿಯ ಫ್ರೈಡ್ ರೈಸಿಗೂ ಬಣ್ಣ ಕೊಡುವುದು ಅದೇ. ಮನೆಯಡುಗೆಗೆ ದಿನವೂ ಬೇಕಾದದ್ದು ಲೈಟ್ ಸೋಯಾ ಸಾಸ್. ತೆಳ್ಳಗಿರುತ್ತದೆ, ಪರಿಮಳ ಹೆಚ್ಚು, ಉಪ್ಪೂ ಹೆಚ್ಚು. ‘ಲೈಟ್’ ಎಂದರೆ ಉಪ್ಪು ಕಡಿಮೆ ಎಂದು ತಿಳಿದು ಕೈಬಿಟ್ಟು ಸುರಿಯಬೇಡಿ. ಲೇಬಲ್ ಓದಿ: ಸೋಯಾಬೀನ್, ಗೋಧಿ, ಉಪ್ಪು, ನೀರು ಇಷ್ಟೇ ಇದ್ದು, ಸಹಜವಾಗಿ ಹುದುಗಿಸಿದ್ದು ಎಂದು ಬರೆದಿದ್ದರೆ ಅದನ್ನು ಕೊಳ್ಳಿ. ಹೈಡ್ರೊಲೈಸ್ಡ್ ವೆಜಿಟಬಲ್ ಪ್ರೋಟೀನ್, ಕ್ಯಾರಮೆಲ್ ಬಣ್ಣ ಎಂದಿದ್ದರೆ ಅದು ಆಮ್ಲ ಹಾಕಿ ಬೇಗ ತಯಾರಿಸಿದ್ದು. ಬೆಲೆ ಕಡಿಮೆ, ರುಚಿಯೂ ಒರಟು. ಒಂದೇ ಸೀಸೆ ಕೊಳ್ಳುವುದಾದರೆ ಇಲ್ಲಿ ಹಣ ಉಳಿಸಬೇಡಿ, ಏಕೆಂದರೆ ಮುಂದೆ ಹೇಳುವ ಅಡುಗೆಗಳಲ್ಲಿ ಅರ್ಧಕ್ಕೂ ಇದೇ ಸೀಸೆ ಸಾಕು.

ಆ ಸೀಸೆ ಬಂದ ದಿನ ಮಾಡಬೇಕಾದದ್ದು ಹಬೆಯ ಮೊಟ್ಟೆ. ಇಡ್ಲಿ ಪಾತ್ರೆ ಇರುವ ಮನೆಗೆ ಇದಕ್ಕಿಂತ ಹೊಂದುವ ಅಡುಗೆ ಇಲ್ಲ. ಎರಡು ಮೊಟ್ಟೆ ಕದಡಿ, ಅದರ ಒಂದೂವರೆ ಪಟ್ಟು ಉಗುರುಬೆಚ್ಚಗಿನ ನೀರು, ಚಿಟಿಕೆ ಉಪ್ಪು ಸೇರಿಸಿ, ಬಟ್ಟಲಿಗೆ ಸೋಸಿ. ಮೇಲೊಂದು ತಟ್ಟೆ ಮುಚ್ಚಿ, ಇಲ್ಲವಾದರೆ ಮುಚ್ಚಳದ ಹನಿ ಬಿದ್ದು ಗುಳಿ ಬೀಳುತ್ತದೆ. ಸಣ್ಣ ಉರಿಯ ಹಬೆಯಲ್ಲಿ ಹತ್ತು ನಿಮಿಷ. ಮೇಲೆ ಒಂದು ಟೀಚಮಚ ಸೋಯಾ ಸಾಸ್, ಎರಡು ಹನಿ ಹುರಿದ ಎಳ್ಳಿನ ಎಣ್ಣೆ. ಹಲ್ಲಿಲ್ಲದ ಅಜ್ಜನಿಗೂ ಎರಡು ವರ್ಷದ ಮೊಮ್ಮಗಳಿಗೂ ಒಂದೇ ಬಟ್ಟಲಿನಿಂದ ತಿನ್ನಿಸಬಹುದು. ಜಪಾನಿನಲ್ಲೂ ಕೊರಿಯಾದಲ್ಲೂ ಇದೇ ಅಡುಗೆ ಬೇರೆ ಹೆಸರಿನಲ್ಲಿ, ಸಣ್ಣಪುಟ್ಟ ಬದಲಾವಣೆಯೊಂದಿಗೆ ಇದೆ.

ಎಳ್ಳೆಣ್ಣೆಯ ಬಗ್ಗೆ ಒಂದು ಮಾತು. ಗಾಣದಲ್ಲಿ ತೆಗೆದ ನಮ್ಮ ಎಳ್ಳೆಣ್ಣೆ ಹಸಿ ಎಳ್ಳಿನದು. ಇವರು ಬಳಸುವುದು ಎಳ್ಳನ್ನು ಕಂದು ಬಣ್ಣಕ್ಕೆ ಹುರಿದು ತೆಗೆದದ್ದು, ಕೊನೆಗೆ ಪರಿಮಳಕ್ಕಷ್ಟೇ ಹಾಕುವುದು. ಒಂದರ ಬದಲು ಇನ್ನೊಂದು ಆಗುವುದಿಲ್ಲ. ಸಿಗದಿದ್ದರೆ ಎಳ್ಳನ್ನು ಘಮ ಬರುವಂತೆ ಹುರಿದು, ಒರಟಾಗಿ ಕುಟ್ಟಿ ಉದುರಿಸಿ. ಹತ್ತಿರದ ರುಚಿ ಬರುತ್ತದೆ.

ಇಂಡೊನೇಷ್ಯಾ: ಸಸ್ಯಾಹಾರಿಗಳಿಗೆ ನನ್ನ ಮೊದಲ ಆಯ್ಕೆ

ಇದನ್ನು ಎರಡನೆಯ ಸ್ಥಾನದಲ್ಲಿಟ್ಟಿರುವುದು ಕೆಲವರಿಗೆ ಅಚ್ಚರಿ ಆಗಬಹುದು. ಜಪಾನ್, ಕೊರಿಯಾಗಳಿಗೆ ಸಿಕ್ಕಿರುವ ಹೆಸರು ಇಂಡೊನೇಷ್ಯಾದ ಅಡುಗೆಗೆ ನಮ್ಮಲ್ಲಿ ಸಿಕ್ಕಿಲ್ಲ. ಆದರೆ ನಮ್ಮ ನಾಲಗೆಗೆ, ನಮ್ಮ ಅಕ್ಕಿಗೆ, ನಮ್ಮ ದಿನಸಿ ಡಬ್ಬಕ್ಕೆ ಇವೆಲ್ಲವುಗಳಲ್ಲಿ ಅತಿ ಹತ್ತಿರ ಅದೇ. ಹುಣಸೆ, ಕೊತ್ತಂಬರಿ ಬೀಜ, ಕಡಲೆಕಾಯಿ, ಬೆಲ್ಲ, ತೆಂಗು, ಚಿಕ್ಕ ಈರುಳ್ಳಿ, ಕೆಂಪು ಮೆಣಸು: ಅಲ್ಲಿನ ಮಸಾಲೆಯ ಮೂಲ ಇವೇ.

ರಾತ್ರಿ ಉಳಿದ ಅನ್ನಕ್ಕೆ ನಮ್ಮಲ್ಲಿ ಬೆಳಗ್ಗೆ ಚಿತ್ರಾನ್ನ ಹೇಗೋ ಅಲ್ಲಿ ನಾಸಿ ಗೊರೆಂಗ್ ಹಾಗೆ. ಆರು ಚಿಕ್ಕ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಎರಡು ನೆನೆಸಿದ ಕೆಂಪು ಮೆಣಸಿನಕಾಯಿ ತರಿತರಿಯಾಗಿ ರುಬ್ಬಿಕೊಳ್ಳಿ. ಎಣ್ಣೆಯಲ್ಲಿ ಹಸಿ ವಾಸನೆ ಹೋಗುವವರೆಗೆ ಹುರಿದು, ಇಬ್ಬರಿಗಾಗುವಷ್ಟು ತಣ್ಣನೆಯ ಅನ್ನ, ಎರಡು ದೊಡ್ಡ ಚಮಚ ಕೆಚಪ್ ಮಾನಿಸ್, ಉಪ್ಪು ಹಾಕಿ, ಅನ್ನ ಅಲ್ಲಲ್ಲಿ ಸೀದಂತೆ ಆಗುವವರೆಗೆ ಬಿಟ್ಟು ಬಿಟ್ಟು ಮಗುಚಿ. ಮೇಲೆ ಒಂದು ಕರಿದ ಮೊಟ್ಟೆ ಇಡುವುದು ರೂಢಿ. ಮೊಟ್ಟೆ ತಿನ್ನದವರು ಹುರಿದ ಟೆಂಪೆ (ಹುದುಗಿಸಿದ ಸೋಯಾಬೀನಿನ ಗಟ್ಟಿ, ಮುಂದೆ ಹೇಳುತ್ತೇನೆ) ಅಥವಾ ತೋಫು ಇಡಿ. ಪಕ್ಕದಲ್ಲಿ ಸೌತೆಕಾಯಿ ಬಿಲ್ಲೆ, ಗರಿಗರಿಯಾದ ಕ್ರುಪುಕ್. ಕ್ರುಪುಕ್‌ನಲ್ಲಿ ಸಾಮಾನ್ಯವಾಗಿ ಸಿಗಡಿ ಇರುವುದರಿಂದ ಸಸ್ಯಾಹಾರಿಗಳಿಗೆ ನಮ್ಮ ಅಕ್ಕಿ ಸಂಡಿಗೆ ಸಾಕು. ಅಲ್ಲಿ ಮಸಾಲೆಗೆ ತೆರಾಸಿ ಎಂಬ ಸಿಗಡಿ ಪೇಸ್ಟ್ ಹಾಕುವವರು ಬಹಳ, ಅದನ್ನು ಬಿಟ್ಟರೂ ಅಡುಗೆ ಕೆಡುವುದಿಲ್ಲ.

ಕೆಚಪ್ ಮಾನಿಸ್ ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ. ಆದರೆ ಅದು ತಾಳೆಬೆಲ್ಲ ಹಾಕಿ ಕುದಿಸಿದ ಸೋಯಾ ಸಾಸ್. ಮಲೆನಾಡು, ಉತ್ತರ ಕನ್ನಡದ ಕಡೆಯವರ ಮನೆಯಲ್ಲಿ ಜೋನಿ ಬೆಲ್ಲ ಇದ್ದರೆ ಕೆಲಸ ಸುಲಭ: ಅರ್ಧ ಲೋಟ ಸೋಯಾ ಸಾಸ್‌ಗೆ ಅರ್ಧ ಲೋಟ ಜೋನಿ ಬೆಲ್ಲ, ಒಂದು ಚಕ್ರಮೊಗ್ಗು, ಒಂದು ಲವಂಗ ಹಾಕಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕುದಿಸಿ ಆರಿಸಿ. ಚಮಚದಿಂದ ನಿಧಾನವಾಗಿ ಜಾರುವಷ್ಟು ಗಟ್ಟಿ ಇರಬೇಕು. ಅಂದರೆ ಚೀನಾದ ಸೀಸೆ ಮನೆಯಲ್ಲಿದ್ದರೆ ಇಂಡೊನೇಷ್ಯಾದ ಸೀಸೆ ತಾನಾಗಿ ಬಂದಂತೆ.

ಈ ಅಡುಗೆಮನೆಯ ನಿಜವಾದ ಬಲ ಇರುವುದು ಗಾಡೊ-ಗಾಡೊದಲ್ಲಿ. ಬೀನ್ಸ್, ಕೋಸು, ಆಲೂಗಡ್ಡೆ, ಮೊಳಕೆಕಾಳು ಬೇಯಿಸಿ, ತೋಫು ಹುರಿದು ತಟ್ಟೆಯಲ್ಲಿ ಜೋಡಿಸಿ, ಮೇಲೆ ಕಡಲೆಕಾಯಿ ಸಾಸ್ ಸುರಿಯುವುದು. ಅರ್ಧ ಲೋಟ ಹುರಿದ ಕಡಲೆಕಾಯಿ ಬೀಜ, ಒಂದು ಕೆಂಪು ಮೆಣಸು, ಒಂದು ಎಸಳು ಬೆಳ್ಳುಳ್ಳಿ, ಸಣ್ಣ ಗೋಲಿಯಷ್ಟು ಹುಣಸೆ, ಒಂದು ಚಮಚ ಬೆಲ್ಲ, ಒಂದು ಚಮಚ ಕೆಚಪ್ ಮಾನಿಸ್, ಉಪ್ಪು. ಬಿಸಿನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ರುಬ್ಬಿ. ಸಿಹಿ, ಹುಳಿ, ಖಾರ ಮೂರೂ ಎದ್ದು ಕಾಣಬೇಕು. ತರಕಾರಿ ಎಂದರೆ ಮುಖ ತಿರುಗಿಸುವ ಮಕ್ಕಳಿಗೆ ಇದನ್ನು ಮೊದಲು ಕೊಟ್ಟು ನೋಡಿ.

ಟೆಂಪೆಯನ್ನೂ ಮರೆಯಬಾರದು. ಜಾವಾ ದ್ವೀಪದಲ್ಲಿ ಹುಟ್ಟಿದ ಇದು ಬೇಯಿಸಿದ ಸೋಯಾಬೀನ್ ಮೇಲೆ ರೈಜೋಪಸ್ ಎಂಬ ಶಿಲೀಂಧ್ರ ಬೆಳೆಸಿ ಗಟ್ಟಿಯಾದ ಇಟ್ಟಿಗೆಯಂತೆ ಮಾಡಿದ್ದು. ಪನೀರ್ ತಿಂದು ಬೇಸರವಾದವರಿಗೆ ಪ್ರೋಟೀನಿನ ಒಳ್ಳೆಯ ಬದಲಿ, ಬೆಂಗಳೂರಿನಲ್ಲಿ ಈಗ ಸುಲಭವಾಗಿ ಸಿಗುತ್ತದೆ. ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಉಪ್ಪು ಅರೆದು ನೀರಿನಲ್ಲಿ ಕದಡಿ, ತೆಳ್ಳಗೆ ಕೊಯ್ದ ಟೆಂಪೆಯನ್ನು ಹತ್ತು ನಿಮಿಷ ನೆನೆಸಿ, ನೀರು ಬಸಿದು ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿಯಿರಿ. ಸಾರನ್ನದ ಜೊತೆಗೂ ನಡೆಯುತ್ತದೆ.

ಜಪಾನ್: ಹಗುರ, ಆದರೆ ಎರಡು ಕಡೆ ಎಚ್ಚರ ಬೇಕು

ಮಿಸೊ ಸೂಪ್ ಮಾಡಲು ಹತ್ತು ನಿಮಿಷ ಸಾಕು. ಆದರೆ ಅದರ ರುಚಿ ನಿಂತಿರುವುದು ದಾಶಿ ಎಂಬ ತಿಳಿ ನೀರಿನ ಮೇಲೆ. ಕೊಂಬು ಎಂಬ ಒಣಗಿಸಿದ ಕಡಲಕಳೆ ಮತ್ತು ಕತ್ಸುಒಬುಶಿ ಎಂಬ ಒಣ ಮೀನಿನ ಹೆರಕಲಿನಿಂದ ಅದನ್ನು ತೆಗೆಯುತ್ತಾರೆ. ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡ 1908ರಲ್ಲಿ ಈ ಕೊಂಬುವಿನಿಂದಲೇ ಗ್ಲುಟಮೇಟನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮೀನು ಬೇಡ ಎನ್ನುವವರಿಗೆ ದಾರಿ ಜಪಾನಿನಲ್ಲೇ ಇದೆ: ಅಲ್ಲಿನ ಬೌದ್ಧ ಮಠಗಳು ಕೊಂಬು ಮತ್ತು ಒಣ ಶಿಟಾಕೆ ಅಣಬೆಯಿಂದಷ್ಟೇ ದಾಶಿ ಮಾಡುತ್ತವೆ. ಬೆಳಗ್ಗೆ ಕೆಲಸಕ್ಕೆ ಹೋಗುವ ಮುನ್ನ ಅರ್ಧ ಲೀಟರ್ ನೀರಿಗೆ ಎರಡು ಒಣ ಅಣಬೆ, ಅಂಗೈ ಅರ್ಧದಷ್ಟು ಕೊಂಬು ಹಾಕಿ ಫ್ರಿಜ್‌ನಲ್ಲಿಟ್ಟರೆ ಸಂಜೆಗೆ ದಾಶಿ ಸಿದ್ಧ.

ಆ ನೀರನ್ನು ಬಿಸಿ ಮಾಡಿ, ಕುದಿ ಬರುವ ಮುಂಚೆ ಕೊಂಬು ತೆಗೆದು, ತೆಳ್ಳಗೆ ಹೆಚ್ಚಿದ ಮೂಲಂಗಿ ಅಥವಾ ಸಿಹಿಕುಂಬಳ ಹಾಕಿ ಬೇಯಿಸಿ. ಕೊನೆಗೆ ತೋಫು, ಪಾಲಕ್. ಒಲೆ ಆರಿಸಿದ ಮೇಲೆ ಒಂದೂವರೆ ದೊಡ್ಡ ಚಮಚ ಮಿಸೊವನ್ನು ಸೌಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕರಗಿಸಿ ಬೆರೆಸಿ. ಮಿಸೊ ಹಾಕಿದ ಮೇಲೆ ಕುದಿಸಿದರೆ ಪರಿಮಳ ಹೋಗುತ್ತದೆ. ಮೊದಲ ಸಲ ಕೊಳ್ಳುವವರು ಬಿಳಿ ಮಿಸೊ ಕೊಳ್ಳಿ, ಸಿಹಿ ಹೆಚ್ಚು, ಘಾಟು ಕಡಿಮೆ. ಕೆಂಪು ಮಿಸೊ ಹೆಚ್ಚು ಕಾಲ ಹುದುಗಿದ್ದು, ಉಪ್ಪು ಮತ್ತು ಗಡಸುತನ ಎರಡೂ ಹೆಚ್ಚು.

ಎಚ್ಚರದ ಮೊದಲ ವಿಷಯ ಲೇಬಲ್. ದಾಶಿ ಬೆರೆಸಿದ ಮಿಸೊ, ದಿಢೀರ್ ದಾಶಿ ಪುಡಿ ಇವುಗಳಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ, ನಮ್ಮಲ್ಲಿ ಮಾರುವ ಪೊಟ್ಟಣದ ಹಸಿರು ಚುಕ್ಕೆ ನೋಡಿಯೇ ತೆಗೆದುಕೊಳ್ಳಿ. ಎರಡನೆಯದು ಅಕ್ಕಿ. ಜಪಾನಿನ ಊಟ ಅಂಟುವ ಗಿಡ್ಡ ಅಕ್ಕಿಗೆ ಹೊಂದಿಕೊಂಡಿದೆ. ನಾವು ಹೆಮ್ಮೆಯಿಂದ ಕೊಳ್ಳುವ ಹಳೆಯ ಸೋನಾ ಮಸೂರಿ ಬಿಡಿಬಿಡಿಯಾಗಿ ಅರಳುತ್ತದೆ, ಮೊಟ್ಟೆ-ಈರುಳ್ಳಿ ದಾಶಿಯಲ್ಲಿ ಬೇಯಿಸಿ ಅನ್ನದ ಮೇಲೆ ಜಾರಿಸುವ ದೊಂಬುರಿಗೆ ಅದು ಹೊಂದುವುದಿಲ್ಲ. ಇದಕ್ಕೆಂದೇ ಹೊಸ ಅಕ್ಕಿ ಒಂದು ಕೆಜಿ ತನ್ನಿ. ಅಂಟುತ್ತದೆ ಎಂದು ನಾವು ದೂರುವ ಗುಣವೇ ಇಲ್ಲಿ ಬೇಕಾದದ್ದು. ದೊಂಬುರಿಗೆ ಮಿರಿನ್ ಎಂಬ ಸಿಹಿ ಅಕ್ಕಿಮದ್ಯ ಹಾಕುತ್ತಾರೆ. ಬೇಡದವರು ಸೋಯಾ ಸಾಸ್‌ನ ಅರ್ಧದಷ್ಟು ಸಕ್ಕರೆ ಹಾಕಿದರೆ ಸಾಕು.

ದಿನವೂ ರಾತ್ರಿ ಗಂಜಿಯನ್ನೋ ಮೊಸರನ್ನವನ್ನೋ ಉಣ್ಣುವ ಹಿರಿಯರಿಗೆ ಮಿಸೊ ಸೂಪ್ ಬೇಗ ಒಗ್ಗುತ್ತದೆ. ರಕ್ತದೊತ್ತಡ ಇದ್ದವರು ಮಾತ್ರ ಅಳತೆ ಮೀರಬಾರದು.

ಕೊರಿಯಾ: ಮುಂಚೆ ದುಡಿದವರಿಗೆ ಮಾತ್ರ ಬೇಗ

ಬಿಬಿಂಬಾಪ್ ಎಂದರೆ ಅನ್ನದ ಮೇಲೆ ನಾಲ್ಕೈದು ತರಕಾರಿ, ಮೊಟ್ಟೆ, ಒಂದು ಚಮಚ ಗೊಚುಜಾಂಗ್ ಇಟ್ಟು ಕಲಸಿ ಉಣ್ಣುವುದು. ನೋಡಲು ಐದು ನಿಮಿಷದ ಕೆಲಸ. ನಿಜದಲ್ಲಿ ಪಾಲಕ್, ಕ್ಯಾರೆಟ್, ಮೊಳಕೆಕಾಳು, ಸೌತೆ ಒಂದೊಂದನ್ನೂ ಬೇರೆ ಬೇರೆ ಹದ ಮಾಡಬೇಕು. ಆದ್ದರಿಂದ ಸೋಮವಾರ ಸಂಜೆ ಏಳಕ್ಕೆ ಶುರು ಮಾಡುವವರಿಗೆ ಇದನ್ನು ನಾನು ಹೇಳುವುದಿಲ್ಲ. ಭಾನುವಾರವೇ ಪಾಲಕ್ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಹಿಂಡಿ, ಸೋಯಾ ಸಾಸ್, ಹುರಿದ ಎಳ್ಳಿನ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ ಕಲಸಿ ಡಬ್ಬಿಯಲ್ಲಿಟ್ಟರೆ ಬುಧವಾರದವರೆಗೆ ಫ್ರಿಜ್‌ನಲ್ಲಿ ಚೆನ್ನಾಗಿರುತ್ತದೆ. ಮೊಳಕೆಕಾಳು, ಕ್ಯಾರೆಟ್ ಕೂಡ ಹೀಗೆಯೇ. ಆಗ ಬಿಸಿ ಅನ್ನ ಮಾಡಿಕೊಂಡರೆ ಊಟ ಸಿದ್ಧ.

ಗೊಚುಜಾಂಗ್‌ನಲ್ಲಿ ಮೆಣಸಿನ ಪುಡಿ, ಅಂಟಕ್ಕಿ, ಹುದುಗಿಸಿದ ಸೋಯಾಬೀನ್ ಇರುತ್ತವೆ, ಖಾರದ ಜೊತೆಗೆ ಸಿಹಿಯೂ ಇರುತ್ತದೆ. ಆಂಧ್ರದ ಉಪ್ಪಿನಕಾಯಿಯ ಖಾರ ಉಣ್ಣುವವರಿಗೆ ಇದು ಸಪ್ಪೆ ಎನಿಸಬಹುದು. ಕಿಮ್ಚಿಯ (ಕೋಸು ಮುಂತಾದ ತರಕಾರಿಯನ್ನು ಉಪ್ಪು, ಖಾರ ಹಾಕಿ ಹುದುಗಿಸಿದ್ದು) ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರವಾಗಿರಬೇಕು, ಹೆಚ್ಚಿನವುಗಳಲ್ಲಿ ಉಪ್ಪುಹಾಕಿದ ಸಿಗಡಿ ಅಥವಾ ಮೀನಿನ ಸಾಸ್ ಇರುತ್ತದೆ. ಮನೆಯಲ್ಲೇ ಹಾಕುವುದಾದರೆ ಬ್ಯಾಡಗಿ ಮೆಣಸಿನಕಾಯಿಯ ಬೀಜ ಉದುರಿಸಿ ತರಿಯಾಗಿ ಪುಡಿ ಮಾಡಿ ಬಳಸಿ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವುದರಿಂದ ಕೊರಿಯಾದ ಪುಡಿಯ ಜಾಗದಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಥಾಯ್ಲೆಂಡ್ ಮತ್ತು ಟಿಬೆಟ್

ಥಾಯ್ ಮನೆಯಡುಗೆಯ ಬೆನ್ನೆಲುಬು ನಾಮ್ ಪ್ಲಾ, ಅಂದರೆ ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ. ಕರಾವಳಿಯಲ್ಲಿ ಒಣಮೀನಿನ ಚಟ್ನಿ ಉಂಡು ಬೆಳೆದವರಿಗೆ ಇದು ಕಷ್ಟವಾಗುವುದಿಲ್ಲ. ಅಂಥವರಿಗೆ ಇಡೀ ಪಟ್ಟಿಯಲ್ಲೇ ಅತಿ ಬೇಗದ ಅಡುಗೆ ಥಾಯ್ ಆಮ್ಲೆಟ್: ಎರಡು ಮೊಟ್ಟೆಗೆ ಒಂದು ಟೀಚಮಚ ಮೀನಿನ ಸಾಸ್ ಹಾಕಿ ನೊರೆ ಬರುವಂತೆ ಕದಡಿ, ಧಾರಾಳ ಎಣ್ಣೆ ಹೊಗೆಯಾಡುವ ಹಂತಕ್ಕೆ ಕಾದಾಗ ಮೇಲಿನಿಂದ ಸುರಿಯುವುದು. ಅಂಚು ಗರಿಗರಿ, ಒಳಗೆ ಮೆತ್ತಗೆ. ಐದು ನಿಮಿಷ.

ಫಾಟ್ ಕಪ್ರಾವ್ ಕೂಡ ಬೇಗ ಆಗುವಂಥದ್ದೇ, ಕೊಚ್ಚಿದ ಮಾಂಸವನ್ನು ಬೆಳ್ಳುಳ್ಳಿ, ಮೆಣಸು, ಎಲೆಯೊಂದಿಗೆ ಹುರಿಯುವುದು. ಆ ಎಲೆ ಸಸ್ಯಶಾಸ್ತ್ರದ ಪ್ರಕಾರ ನಮ್ಮ ತುಳಸಿಯ ಜಾತಿಯದೇ. ಕಟ್ಟೆಯ ತುಳಸಿಯನ್ನು ಬಾಣಲೆಗೆ ಹಾಕಲು ಅನೇಕರ ಮನಸ್ಸು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕಾಮಕಸ್ತೂರಿ ಎಲೆ ಹಾಕಿ. ಥಾಯ್ಲೆಂಡಿನಲ್ಲೇ ಬೇರೆ ಹುರಿದ ಪದಾರ್ಥಗಳಿಗೆ ಹಾಕುವ ಹೊರಾಪಾ ಆ ಜಾತಿಯದು, ತೋಫು-ಬೀನ್ಸ್ ಜೊತೆಗೂ ಒಪ್ಪುತ್ತದೆ. ಮೀನು ತಿನ್ನದವರು ಸಾಸ್ ಬದಲು ಲೈಟ್ ಸೋಯಾ ಹಾಕಬಹುದು. ಅಲ್ಲಿ ‘ಜೇ’ ಎಂಬ ಸಸ್ಯಾಹಾರದ ವ್ರತ ಹಿಡಿದವರೂ ಮೀನಿನ ಸಾಸ್ ಮುಟ್ಟುವುದಿಲ್ಲ. ಆದರೂ ಕಟ್ಟಾ ಸಸ್ಯಾಹಾರಿ ಮನೆಗೆ ಥಾಯ್ ಮೊದಲ ಆಯ್ಕೆ ಆಗಬಾರದು. ಪ್ರತಿ ಅಡುಗೆಯಲ್ಲೂ ಏನನ್ನಾದರೂ ಬಿಡುತ್ತಾ, ಬದಲಿಸುತ್ತಾ ಹೋಗಬೇಕಾಗುತ್ತದೆ.

ಟಿಬೆಟನ್ನರು 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆಯೂರಿದಂದಿನಿಂದ ಅವರ ಅಡುಗೆ ನಮ್ಮ ನೆರೆಮನೆಯದೇ ಆಗಿದೆ. ಮೊಮೊ ಎಲ್ಲರಿಗೂ ಗೊತ್ತು, ಆದರೆ ವಾರದ ದಿನ ಅದನ್ನು ಮಡಿಸುತ್ತ ಕೂರುವುದು ಸಾಧ್ಯವಿಲ್ಲ. ತೆಂತುಕ್ ಮಾಡಿ. ಗೋಧಿ ಅಥವಾ ಮೈದಾ ಹಿಟ್ಟನ್ನು ಚಪಾತಿಗಿಂತ ಸ್ವಲ್ಪ ಮೆತ್ತಗೆ ನಾದಿ, ಎಣ್ಣೆ ಸವರಿ ಇಪ್ಪತ್ತು ನಿಮಿಷ ಬಿಡಿ. ಅಷ್ಟರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಟೊಮೆಟೊ ಬಾಡಿಸಿ, ಮೂಲಂಗಿ ಹಾಕಿ, ನೀರು ಸುರಿದು ಕುದಿಸಿ. ಹಿಟ್ಟನ್ನು ಪಟ್ಟಿಗಳಾಗಿ ಎಳೆದು, ಹೆಬ್ಬೆರಳ ಗಾತ್ರಕ್ಕೆ ಕಿತ್ತು ಕಿತ್ತು ಕುದಿಯುವ ನೀರಿಗೆ ಎಸೆಯಿರಿ. ಅವು ತೇಲಿದ ಮೇಲೆ ಪಾಲಕ್, ಒಂದು ಚಮಚ ಸೋಯಾ ಸಾಸ್. ಮಕ್ಕಳನ್ನು ಹಿಟ್ಟು ಕೀಳಲು ಕೂರಿಸಿದರೆ ಕೆಲಸವೂ ಬೇಗ ಮುಗಿಯುತ್ತದೆ.

ಸಮಯ, ಉರಿ, ಉಪ್ಪು

ಮೇಲೆ ಹೇಳಿದ ನಿಮಿಷಗಳೆಲ್ಲ ಒಲೆಯ ಮೇಲಿನವು. ಹೆಚ್ಚುವುದಕ್ಕೆ ಹತ್ತು ಹದಿನೈದು ನಿಮಿಷ ಸೇರಿಸಿಕೊಳ್ಳಿ. ಮೊದಲು ಕುಕ್ಕರಿನಲ್ಲಿ ಅನ್ನಕ್ಕಿಟ್ಟು, ಆಮೇಲೆ ಹೆಚ್ಚಲು ಕೂತು, ಎಲ್ಲವೂ ಬಟ್ಟಲುಗಳಲ್ಲಿ ಸಿದ್ಧವಾದ ಮೇಲೆಯೇ ಒಲೆ ಹಚ್ಚಿ. ಬೆಳ್ಳುಳ್ಳಿ ಎಣ್ಣೆಗೆ ಬಿದ್ದ ಮೇಲೆ ಸೊಪ್ಪು ತೊಳೆಯಲು ಹೋದರೆ ಎರಡೂ ಕೆಡುತ್ತವೆ. ಮನೆಯ ಗ್ಯಾಸ್ ಒಲೆಗೆ ಹೋಟೆಲ್ ಒಲೆಯ ಶಕ್ತಿ ಇರುವುದಿಲ್ಲ. ನಾಲ್ಕು ಜನಕ್ಕೆ ಹುರಿಯುವುದಿದ್ದರೆ ಎರಡು ಸಲ ಹುರಿಯಿರಿ, ಬಾಣಲೆ ತುಂಬಿದರೆ ತರಕಾರಿ ನೀರು ಬಿಡುತ್ತದೆ. ಚೆನ್ನಾಗಿ ಪಳಗಿದ ಕಬ್ಬಿಣದ ಬಾಣಲೆ ಇದ್ದರೆ ಬೇರೆ ಪಾತ್ರೆ ಕೊಳ್ಳುವುದು ಬೇಡ.

ತಂಗಳನ್ನದ ಬಗ್ಗೆ ಅಸಡ್ಡೆ ಮಾಡಬೇಡಿ. ಬೆಂದ ಅನ್ನ ಹೊರಗೆ ಹಾಗೇ ಗಂಟೆಗಟ್ಟಲೆ ಉಳಿದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಕಟ್ಟುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ನಾಸಿ ಗೊರೆಂಗ್‌ಗೆ ಎತ್ತಿಡುವ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮಾರನೆಯ ದಿನವೇ ಮುಗಿಸಿ.

ಉಪ್ಪು ಈ ಅಡುಗೆಗಳ ನಿಜವಾದ ತೊಡಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಸಾಕು. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಅಂದರೆ ಎರಡು ಗ್ರಾಂಗೂ ಹೆಚ್ಚು ಉಪ್ಪು. ಸಾಸ್ ಹಾಕುವ ಅಡುಗೆಗೆ ಬೇರೆ ಉಪ್ಪು ಹಾಕುವ ಮುನ್ನ ರುಚಿ ನೋಡಿ, ಆ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ಬೇಡ. ಈ ದೃಷ್ಟಿಯಿಂದ ನೋಡಿದರೆ ಟೊಮೆಟೊ-ಮೊಟ್ಟೆ, ಗಾಡೊ-ಗಾಡೊ ಮುಂದೆ ನಿಲ್ಲುತ್ತವೆ. ಅವುಗಳಲ್ಲಿ ಉಪ್ಪು ನಿಮ್ಮ ಕೈಯಲ್ಲಿದೆ. ಗೋಧಿ ಆಗದವರು ಸೋಯಾ ಸಾಸ್, ಗೊಚುಜಾಂಗ್ ಎರಡರ ಲೇಬಲ್ಲನ್ನೂ ಓದಬೇಕು.

ಸಿಂಗಪುರದಲ್ಲೋ ಮೆಲ್ಬರ್ನ್‌ನಲ್ಲೋ ಇರುವ ಕನ್ನಡಿಗರಿಗೆ ಈ ಕ್ರಮ ಸ್ವಲ್ಪ ಬದಲಾಗುತ್ತದೆ. ಮೆತ್ತನೆಯ ತಾಜಾ ತೋಫು, ನಾಲ್ಕು ಬಗೆಯ ಮಿಸೊ, ಕೆಚಪ್ ಮಾನಿಸ್ ಎಲ್ಲವೂ ಅಲ್ಲಿ ಕೈಗೆಟಕುತ್ತವೆ. ಅಂಥವರು ಜಪಾನ್ ಅಥವಾ ಕೊರಿಯಾದಿಂದಲೇ ಶುರು ಮಾಡಬಹುದು, ಗಿಡ್ಡ ಅಕ್ಕಿಯೂ ಅಲ್ಲಿ ಸುಲಭವಾಗಿ ಸಿಗುತ್ತದೆ.

ಈರುಳ್ಳಿ-ಬೆಳ್ಳುಳ್ಳಿ ಬಳಸದ ಮನೆಗಳವರು ಇದೆಲ್ಲ ನಮಗಲ್ಲ ಎಂದು ಬದಿಗಿಡುವುದು ಬೇಡ. ಚೀನಾ, ಕೊರಿಯಾಗಳ ಬೌದ್ಧ ಮಠಗಳಲ್ಲಿ ಬೆಳ್ಳುಳ್ಳಿ, ಈರುಳ್ಳಿ ಮತ್ತು ಅವುಗಳ ಜಾತಿಯ ಸೊಪ್ಪುಗಳು ನಿಷಿದ್ಧ. ಅವರ ಹಳೆಯ ಐದು ಘಾಟಿನ ಪದಾರ್ಥಗಳ ಪಟ್ಟಿಯಲ್ಲಿ ಇಂಗೂ ಇದೆ, ನಮ್ಮವರು ಬೆಳ್ಳುಳ್ಳಿಯ ಬದಲಿಗೆ ಹಾಕುವ ಅದೇ ಇಂಗು. ಆ ಮಠಗಳು ರುಚಿಯನ್ನು ಶುಂಠಿ, ಒಣ ಅಣಬೆ, ಹುರಿದ ಎಳ್ಳು, ಕಡಲಕಳೆ ಮತ್ತು ಹುದುಗಿಸಿದ ಸೋಯಾದಿಂದ ತೆಗೆಯುತ್ತವೆ. ನೆನೆಸಿದ ಶಿಟಾಕೆಯನ್ನು ತೆಳ್ಳಗೆ ಕೊಯ್ದು, ಶುಂಠಿಯೊಂದಿಗೆ ಎಣ್ಣೆಯಲ್ಲಿ ಬಾಡಿಸಿ, ತೋಫು ಹೋಳು, ಅಣಬೆ ನೆನೆದ ನೀರು ಕಾಲು ಲೋಟ, ಒಂದು ಚಮಚ ಲೈಟ್ ಸೋಯಾ ಹಾಕಿ ಮುಚ್ಚಿ ಐದು ನಿಮಿಷ ಬೇಯಿಸಿ. ಅರ್ಧ ಟೀಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಸುರಿದರೆ ರಸ ಗಟ್ಟಿಯಾಗಿ ತೋಫುವಿಗೆ ಹಿಡಿಯುತ್ತದೆ. ಸೋನಾ ಮಸೂರಿ ಅನ್ನಕ್ಕೂ ಇದು ಚೆನ್ನಾಗಿ ಕಲಸಿಕೊಳ್ಳುತ್ತದೆ.